ಕಡಲು ಕಾಯಲು ಕಟ್ಟಿದ ಕೋಟೆ, ಬೆಟ್ಟದಿಂದ ಬಂದ ಬೆಂಕಿ: ಗರಾಚಿಕೊದ ಸಾನ್ ಮಿಗೆಲ್ ಬಗ್ಗೆ ಮಾತಾಡೋಣ

ಕೋಟೆಸುತ್ತು (ಚರ್ಚೆ ಶುರು ಮಾಡಿದವರು):

ಎಲ್ಲರಿಗೂ ನಮಸ್ಕಾರ. ಅಟ್ಲಾಂಟಿಕ್ ಸಾಗರದ ಕ್ಯಾನರಿ ದ್ವೀಪಗಳಲ್ಲಿ ಟೆನೆರಿಫ್ ದೊಡ್ಡದು. ಅದರ ಉತ್ತರ ದಂಡೆಯಲ್ಲಿ ಗರಾಚಿಕೊ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ನೀರಿಗೆ ಅಂಟಿಕೊಂಡ ಹಾಗೆ ಒಂದು ಕೋಟೆ ನಿಂತಿದೆ. ಹೆಸರು ಸಾನ್ ಮಿಗೆಲ್. ಕೋಟೆ ಅಂದ ಕೂಡಲೇ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಚೌಕಾಕಾರದ ಒಂದೇ ಕಟ್ಟಡ, ಒಂದು ಬಾಗಿಲು, ಮೇಲೊಂದು ತಾರಸಿ. ನಮ್ಮ ಕಡೆಯ ಹಳೇ ತೊಟ್ಟಿಮನೆ ಇದಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ.

ಕಳೆದ ವರ್ಷ ಅಲ್ಲಿಗೆ ಹೋಗಿದ್ದೆ. ಅಂದಿನಿಂದ ಅದು ತಲೆಯಿಂದ ಹೋಗಿಲ್ಲ. ಈ ಕೋಟೆ ಕಡಲಿನ ಕಡೆ ಕಣ್ಣು ನೆಟ್ಟು 130 ವರ್ಷ ಬಂದರು ಕಾದಿತು. 1706ರ ಮೇ ತಿಂಗಳಲ್ಲಿ ಅಪಾಯ ಬಂತು. ಆದರೆ ಬಂದಿದ್ದು ಹಡಗಿನಿಂದಲ್ಲ, ಬೆನ್ನ ಹಿಂದಿನ ಬೆಟ್ಟದಿಂದ. ಮುಂಬಾಗಿಲಿಗೆ ಅಗುಳಿ ಹಾಕಿ ಕೂತಿದ್ದಾಗ ಹಿತ್ತಲಿನಿಂದ ಬೆಂಕಿ ಹೊಕ್ಕ ಹಾಗೆ. ಲಾವಾ ಹರಿದು ಬಂದು ಬಂದರನ್ನೇ ತುಂಬಿಬಿಟ್ಟಿತು. ಕೋಟೆ ಉಳಿಯಿತು, ಕಾಯಬೇಕಾಗಿದ್ದ ಬಂದರು ಇಲ್ಲವಾಯಿತು.

ಈಗ ಅಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಪಕ್ಕದ ಎಲ್ ಕಲೆತೋನ್ ಅನ್ನುವ ಲಾವಾ ಕೊಳಗಳಲ್ಲಿ ಈಜಲು ಬರುತ್ತಾರೆ. ಕೋಟೆ ಗೋಡೆಗೆ ಒರಗಿ ಮೈ ಒರೆಸಿಕೊಂಡು, ಒಂದು ಫೋಟೋ ತೆಗೆದು ಹೊರಡುತ್ತಾರೆ. ತಪ್ಪು ಅಂತ ಹೇಳುತ್ತಿಲ್ಲ. ಆದರೆ ಆ ಗೋಡೆ ಏನನ್ನು ನೋಡಿದೆ ಅಂತ ಯಾರಾದರೂ ಹೇಳಬೇಕು ಅನ್ನಿಸಿತು. ಗೊತ್ತಿರುವವರು ನೀವೂ ಸೇರಿಸಿ.

ಹೊನ್ನಾವರದಿಂದ:

ಒಳ್ಳೇ ವಿಷಯ. ಮೊದಲ ಪ್ರಶ್ನೆ. ಅಷ್ಟು ಚಿಕ್ಕ ಊರಿಗೆ ಕೋಟೆ ಯಾಕೆ ಬೇಕಾಯಿತು? ಅಲ್ಲಿ ದೋಚಲು ಏನಿತ್ತು?

ಕೋಟೆಸುತ್ತು:

ಈಗ ಚಿಕ್ಕ ಊರು. ಆಗ ಹಾಗಿರಲಿಲ್ಲ. ಟೆನೆರಿಫ್‌ನ ವ್ಯಾಪಾರವೆಲ್ಲ ಹೆಚ್ಚಾಗಿ ಈ ಬಂದರಿನಿಂದಲೇ ನಡೆಯುತ್ತಿತ್ತು.

ಸ್ಪೇನಿನವರು ಈ ದ್ವೀಪವನ್ನು ಗೆದ್ದಿದ್ದು 1496ರಲ್ಲಿ. ಕೂಡಲೇ ಕ್ರಿಸ್ತೋಬಾಲ್ ದೆ ಪೊಂತೆ ಅನ್ನುವ ಜಿನೋವಾ ಮೂಲದ ಲೇವಾದೇವಿಗಾರ ಇಲ್ಲಿ ನೆಲೆ ನಿಂತ. ದಂಡೆಯಲ್ಲಿ ಹಡಗು ನಿಲ್ಲಿಸಲು ಹೇಳಿ ಮಾಡಿಸಿದಂಥ ಒಂದು ಕೊಲ್ಲಿ ಇತ್ತು. ಮೊದಲು ಸಕ್ಕರೆ, ಆಮೇಲೆ ಮಾಲ್ವಾಸಿಯಾ ದ್ರಾಕ್ಷಿಯ ಸಿಹಿ ವೈನ್ ಇಲ್ಲಿಂದ ಯುರೋಪಿಗೆ ಹೋಗುತ್ತಿತ್ತು. ಅಮೆರಿಕಕ್ಕೆ ಹೋಗುವ ಹಡಗುಗಳ ದಾರಿಯೂ ಇದೇ.

ದುಡ್ಡು ಇದ್ದಲ್ಲಿ ಕಡಲ್ಗಳ್ಳರು ಬರುತ್ತಾರೆ. 1553ರಲ್ಲಿ ಫ್ರಾನ್ಸ್‌ನ ಫ್ರಾಂಸ್ವಾ ಲ ಕ್ಲೆರ್, ಮರದ ಕಾಲಿನವನು ಅಂತಲೇ ಹೆಸರಾದವನು, ಪಕ್ಕದ ಲಾ ಪಾಲ್ಮಾ ದ್ವೀಪದ ಮುಖ್ಯ ಊರನ್ನು ದೋಚಿ ಸುಟ್ಟ. ಆ ಸುದ್ದಿ ಕೇಳಿದ ಮೇಲೆ ಯಾವ ಬಂದರಿನವರು ನೆಮ್ಮದಿಯಾಗಿ ಮಲಗುತ್ತಾರೆ ಹೇಳಿ? ಇಲ್ಲಿ ಫಬಿಯಾನ್ ವಿನ್ಯಾ ನೆಗ್ರೋನ್ ಅನ್ನುವ ಊರ ಮುಖಂಡ ರಾಜ ಎರಡನೇ ಫಿಲಿಪ್‌ನಿಂದ ಅಪ್ಪಣೆ ತಂದು, 1575ರ ಹೊತ್ತಿಗೆ ಈ ಕೋಟೆ ಕೆಲಸ ಶುರು ಮಾಡಿಸಿದ.

ಮಲ್ಲಿಗೆ77:

ಅಷ್ಟು ದುಡ್ಡಿತ್ತು ಅಂದಮೇಲೆ ದೊಡ್ಡದಾಗೇ ಕಟ್ಟಬಹುದಿತ್ತಲ್ವಾ? ಇಷ್ಟು ಪುಟ್ಟ ಕೋಟೆಯಲ್ಲಿ ಎಷ್ಟು ಜನ ನಿಲ್ಲಲು ಸಾಧ್ಯ?

ಕೋಟೆಸುತ್ತು:

ಇದು ಜನ ಒಳಗೆ ಸೇರಿಕೊಂಡು ಮುತ್ತಿಗೆ ಎದುರಿಸುವ ಕೋಟೆ ಅಲ್ಲ. ತೋಪು ಇಡಲು ಕಟ್ಟಿದ ಗಟ್ಟಿ ಕಲ್ಲಿನ ಜಗಲಿ ಅಂದುಕೊಳ್ಳಿ. ಕೊಲ್ಲಿ ಕಿರಿದು. ಒಳಗೆ ಬರುವ ಹಡಗು ಕೋಟೆಯ ಮುಂದೆ ಹಾದು ಹೋಗಲೇಬೇಕು. ಹಾಗಿದ್ದಾಗ ಸರಿಯಾದ ಜಾಗದಲ್ಲಿ ನಾಲ್ಕಾರು ತೋಪು ಇದ್ದರೆ ಕೆಲಸ ಆಗುತ್ತದೆ. ಊರಿನವರು ತಮ್ಮ ಕೊಲ್ಲಿಯ ಅಳತೆಗೆ ಸರಿಯಾಗಿ ಕಟ್ಟಿಕೊಂಡಿದ್ದಾರೆ, ಅಷ್ಟೇ. ನನಗೆ ಅದು ಜಾಣತನ ಅಂತಲೇ ಅನ್ನಿಸುತ್ತದೆ.

ಗೋಡೆ ಹತ್ತಿರ ಹೋಗಿ ನೋಡಿದೆ. ಮೂಲೆಗಳಲ್ಲಿ ಚೆನ್ನಾಗಿ ಕೆತ್ತಿದ ಕಪ್ಪು ಕಲ್ಲು. ನಡುವೆ ಒರಟು ಕಲ್ಲು, ಸಂದಿಗೆ ಗಾರೆ. ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದ ರಾಜಮುದ್ರೆ ಮತ್ತು ಮನೆತನಗಳ ಲಾಂಛನಗಳಿವೆ. ಉಪ್ಪುಗಾಳಿಗೆ ಅವುಗಳ ಅಂಚು ಸವೆದು ದುಂಡಗಾಗಿದೆ, ತುಂಬಾ ಸಲ ತೊಳೆದ ಸೋಪಿನ ಹಾಗೆ. ಅಂಗೈ ಇಟ್ಟರೆ ತಣ್ಣಗೆ, ಸ್ವಲ್ಪ ಜಿಗುಟು.

ಕಲ್ಲುಓದು:

ನಾನು ಭೂವಿಜ್ಞಾನ ಓದಿದವಳು. ಆ ಕಪ್ಪು ಕಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದೂ ಲಾವಾದಿಂದ ಆದ ಕಲ್ಲೇ. ಇಡೀ ದ್ವೀಪವೇ ಜ್ವಾಲಾಮುಖಿಯಿಂದ ಹುಟ್ಟಿದ್ದು. ನಡುವೆ 3,700 ಮೀಟರಿಗೂ ಎತ್ತರದ ತೇಯ್ದೆ ಬೆಟ್ಟ ಇದೆ, ಸ್ಪೇನಿನಲ್ಲೇ ಅತಿ ಎತ್ತರದ್ದು.

ಗರಾಚಿಕೊ ಇರುವ ಜಾಗಕ್ಕೆ ಅಲ್ಲಿಯವರು ಇಸ್ಲಾ ಬಾಹಾ ಅನ್ನುತ್ತಾರೆ, ಅಂದರೆ ತಗ್ಗಿನ ದ್ವೀಪ. ಹಿಂದೆ ಕಡಿದಾದ ಬೆಟ್ಟದ ಗೋಡೆ, ಮುಂದೆ ಕಡಲು, ನಡುವೆ ಒಂದು ತೆಳು ಚಪ್ಪಟೆ ನೆಲ. ಆ ಚಪ್ಪಟೆ ನೆಲ ಬಂದಿದ್ದು ಎಲ್ಲಿಂದ ಗೊತ್ತಾ? ಹಿಂದೆ ಯಾವಾಗಲೋ ಬೆಟ್ಟದಿಂದ ಇಳಿದ ಲಾವಾ ಕಡಲಿಗೆ ಬಿದ್ದು ಹೆಪ್ಪುಗಟ್ಟಿ ಆದದ್ದು. ಅಂದರೆ ಊರು ಕೂತಿದ್ದೇ ಹಳೇ ಲಾವಾ ಮೇಲೆ. 1706ರಲ್ಲಿ ಆದದ್ದು ಆ ನೆಲಕ್ಕೆ ಹೊಸದಲ್ಲ, ಆ ಜನಕ್ಕೆ ಹೊಸದು. ಅದಕ್ಕೂ ಮುಂಚೆ 200 ವರ್ಷ ಆ ಬೆಟ್ಟದ ಗೋಡೆಯಿಂದ ಇವರ ಮೇಲೆ ಬೆಂಕಿ ಇಳಿದಿರಲಿಲ್ಲ.

ಹೊನ್ನಾವರದಿಂದ:

ಇದನ್ನು ಓದಿ ಮೈ ಜುಮ್ಮೆಂದಿತು. ಸಿಡಿದ ದಿನ ಏನಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಕಲ್ಲುಓದು:

ಒಂದೇ ದಿನದ ಕತೆ ಅಲ್ಲ ಅದು. 1704ರ ಡಿಸೆಂಬರ್ 31ಕ್ಕೆ ದ್ವೀಪದ ಇನ್ನೊಂದು ಕಡೆ ನೆಲ ಬಾಯಿ ಬಿಟ್ಟಿತ್ತು. 1705ರ ಜನವರಿ, ಫೆಬ್ರವರಿಯಲ್ಲಿ ಫಾಸ್ನಿಯಾ, ಅರಾಫೊ ಊರುಗಳ ಕಡೆ ಮತ್ತೆ ಸಿಡಿಯಿತು. ಅಷ್ಟೊತ್ತಿಗೆ ಜನ ತಿಂಗಳುಗಟ್ಟಲೆ ಭೂಕಂಪ ನೋಡಿದ್ದರು. ಆಮೇಲೆ ಒಂದು ವರ್ಷಕ್ಕೂ ಜಾಸ್ತಿ ಎಲ್ಲ ತಣ್ಣಗಾಯಿತು. ಮುಗಿಯಿತು ಅಂದುಕೊಂಡಿರಬೇಕು.

1706ರ ಮೇ 5. ಇನ್ನೂ ಬೆಳಗಾಗಿರಲಿಲ್ಲ. ಗರಾಚಿಕೊ ಮೇಲಿನ ಎತ್ತರದಲ್ಲಿ, ಕಡಲಿಗಿಂತ ಸಾವಿರ ಮೀಟರಿಗೂ ಮೇಲೆ, ಬೆಟ್ಟ ಬಿರಿಯಿತು. ಆ ಜ್ವಾಲಾಮುಖಿಯನ್ನು ತ್ರೆವೆಹೊ ಅಂತಾರೆ, ಅರೇನಾಸ್ ನೇಗ್ರಾಸ್ ಅಂತಲೂ ಅಂತಾರೆ. ಎರಡನೇ ಹೆಸರಿಗೆ ಕರಿ ಮರಳು ಅಂತ ಅರ್ಥ. ಲಾವಾ ಇಳಿಜಾರಿನಲ್ಲಿ ಹರಿದು, ಊರಿನ ಹಿಂದಿನ ಬೆಟ್ಟದ ಅಂಚಿಗೆ ಬಂತು. ಅಲ್ಲಿಂದ ಜಲಪಾತದ ಹಾಗೆ ಕೆಳಗೆ ಬಿತ್ತು. ಒಂದೇ ತೋಡಾಗಿ ಅಲ್ಲ, ಕೈ ಬೆರಳು ಬಿಡಿಸಿದ ಹಾಗೆ ಹಲವು ಕವಲಾಗಿ. ಮೊದಲ ಹರಿವು ಬಂದರಿನ ಕಡೆ ಹೋಯಿತು. ಕೆಲವು ದಿನ ಬಿಟ್ಟು ಬಂದ ಇನ್ನೊಂದು ಹರಿವು ಊರಿನ ಒಳಕ್ಕೇ ನುಗ್ಗಿತು. ಸಾಂತಾ ಆನಾ ಚರ್ಚ್ ಸುಟ್ಟಿತು, ಸಾಂತಾ ಕ್ಲಾರಾ ಸನ್ಯಾಸಿನಿಯರ ಮಠ ಸುಟ್ಟಿತು, ಎಷ್ಟೋ ಮನೆಗಳು ಹೋದವು.

ಇಂಥ ಲಾವಾ ಗಟ್ಟಿ ಪಾಕದ ಹಾಗೆ ಹರಿಯುತ್ತದೆ. ಬೆಲ್ಲದ ಆಲೆಮನೆಯಲ್ಲಿ ಪಾಕ ಹದಕ್ಕೆ ಬಂದಾಗ ಹೇಗೆ ಮೇಲೆ ಕೆನೆಗಟ್ಟಿ, ಅಡಿಯಲ್ಲಿ ಇನ್ನೂ ಕುದಿಯುತ್ತಾ ಜಾರುತ್ತದೋ ಹಾಗೆ. ಮನುಷ್ಯರು ನಡೆದುಕೊಂಡು ಅದಕ್ಕಿಂತ ಮುಂದೆ ಹೋಗಬಹುದು. ಹಾಗಾಗಿ ಜನ ಕೈಗೆ ಸಿಕ್ಕಿದ್ದು ಹೊತ್ತುಕೊಂಡು ಪಾರಾಗಲು ಸಮಯ ಸಿಕ್ಕಿತು. ಆದರೆ ಮನೆ, ದ್ರಾಕ್ಷಿ ತೋಟ, ಬಂದರನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲವಲ್ಲ.

ಹೊಸಬ_ಇಲ್ಲಿ:

ಬಂದರು ತುಂಬಿತು ಅಂದರೆ ಪೂರ್ತಿ ಮುಚ್ಚಿಹೋಯಿತಾ? ಅಗೆದು ತೆಗೆಯಲು ಆಗಲಿಲ್ವಾ?

ಕಲ್ಲುಓದು:

ಹೆಪ್ಪುಗಟ್ಟಿದ ಮೇಲೆ ಅದು ಮಣ್ಣಲ್ಲ, ಬಂಡೆ. ಮರಳು ತುಂಬಿದ್ದರೆ ಹೂಳು ಎತ್ತಬಹುದು. ಆ ಕಾಲದ ಸುತ್ತಿಗೆ, ಉಳಿ ಹಿಡಿದು ಕಡಲಿನ ಅಡಿಯ ಬಂಡೆ ತೆಗೆಯುವುದು ಆಗದ ಮಾತು. ಸಣ್ಣ ದೋಣಿ ನಿಲ್ಲುವಷ್ಟು ಜಾಗ ಮಾತ್ರ ಉಳಿಯಿತು. ದೊಡ್ಡ ಹಡಗುಗಳು ಈಗಿನ ಪ್ವೆರ್ತೊ ದೆ ಲಾ ಕ್ರೂಸ್ ಮತ್ತು ಸಾಂತಾ ಕ್ರೂಸ್ ಕಡೆ ತಿರುಗಿದವು.

ಲೆಕ್ಕದಮನೆ:

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಎಲ್ಲವೂ 1706ರ ಆ ಕೆಲವು ದಿನಗಳಲ್ಲಿ ಮುಳುಗಿತು ಅನ್ನುವ ಹಾಗೆ ಈ ಕತೆಯನ್ನು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಗರಾಚಿಕೊ ಅದಕ್ಕೂ ಮೊದಲೇ ಪೆಟ್ಟು ತಿಂದು ತಿಂದು ನಿಂತಿದ್ದ ಊರು. 1601ರಲ್ಲಿ ಪ್ಲೇಗ್ ಬಂತು. 1645ರ ಡಿಸೆಂಬರ್‌ನಲ್ಲಿ ಭಯಂಕರ ಮಳೆ, ಬೆಟ್ಟದಿಂದ ಕಲ್ಲು ಮಣ್ಣು ಕೊಚ್ಚಿಕೊಂಡು ಬಂದು ಜನ ಸತ್ತರು, ಬಂದರಿಗೂ ಹಾನಿಯಾಯಿತು. 1697ರಲ್ಲಿ ದೊಡ್ಡ ಬೆಂಕಿ ಅನಾಹುತ. ಊರಿನ ಲಾಂಛನದ ಜೊತೆಗಿನ ಮಾತೇ ‘ಕಷ್ಟದಲ್ಲೂ ಕೀರ್ತಿವಂತ’ ಅನ್ನುವ ಅರ್ಥದ್ದು.

ಇನ್ನು ವ್ಯಾಪಾರದ ಜಗಳ. ಅದನ್ನು ಯಾರೂ ಹೇಳಲಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. 1665ರಲ್ಲಿ ಲಂಡನ್ನಿನ ವರ್ತಕರು ಸೇರಿ ಕ್ಯಾನರಿ ವೈನ್ ಕೊಳ್ಳುವ ಹಕ್ಕು ತಮಗೊಬ್ಬರಿಗೇ ಇರಬೇಕು ಅಂತ ತಮ್ಮ ರಾಜನಿಂದ ಸನ್ನದು ಪಡೆದು ಕಂಪನಿ ಕಟ್ಟಿದರು. ಕೊಳ್ಳುವವನು ಒಬ್ಬನೇ ಅಂದಮೇಲೆ ಬೆಲೆ ಯಾರು ಕಟ್ಟುತ್ತಾರೆ? ಅವನೇ. ಬೆಳೆಗಾರರ ಹೊಟ್ಟೆ ಉರಿಯಿತು. 1666ರ ಜುಲೈಯಲ್ಲಿ ಒಂದು ರಾತ್ರಿ ನೂರಾರು ಜನ ಮುಖ ಮುಚ್ಚಿಕೊಂಡು ಗರಾಚಿಕೊದ ವೈನ್ ನೆಲಮಾಳಿಗೆಗಳಿಗೆ ನುಗ್ಗಿದರು. ಪೀಪಾಯಿಗಳನ್ನು ಒಡೆದರು. ವೈನ್ ಬೀದಿಯಲ್ಲಿ ಹೊಳೆಯಾಗಿ ಹರಿಯಿತು ಅಂತ ಇಂದಿಗೂ ಹೇಳುತ್ತಾರೆ. ಮರುವರ್ಷ, 1667ರಲ್ಲಿ, ಆ ಸನ್ನದು ರದ್ದಾಯಿತು.

ಟೊಮೆಟೊ ರಸ್ತೆಗೆ ಸುರಿಯುವ ರೈತರನ್ನು ನಾವು ನೋಡಿದ್ದೇವೆ. ಕೋಲಾರದ ಕಡೆಯವನಾದ ನನಗೆ ಆ ರಾತ್ರಿಯ ಸಿಟ್ಟು ಬಿಡಿಸಿ ಹೇಳಬೇಕಾಗಿಲ್ಲ. ತಾನೇ ಬೆಳೆದದ್ದನ್ನು ತಾನೇ ಚೆಲ್ಲುವುದು ಸುಮ್ನೆ ಅಲ್ಲ.

ಕೋಟೆಸುತ್ತು:

ಒಪ್ಪಿದೆ, ಒಳ್ಳೇ ತಿದ್ದುಪಡಿ. ಆದರೂ ಒಂದು ಮಾತು. ಪ್ಲೇಗ್ ಆದಮೇಲೂ, ಬೆಂಕಿ ಆದಮೇಲೂ ಹಡಗು ಬರುತ್ತಿತ್ತು. ಹಡಗು ಬಂದರೆ ಊರು ಮತ್ತೆ ಎದ್ದು ನಿಲ್ಲುತ್ತಿತ್ತು. ಬಂದರೇ ಹೋದಮೇಲೆ ಎದ್ದು ನಿಲ್ಲುವ ದಾರಿ ಮುಚ್ಚಿತು. ಹಿಂದಿನ ಪೆಟ್ಟುಗಳಿಗೂ ಇದಕ್ಕೂ ಆ ವ್ಯತ್ಯಾಸ ಇದೆ.

ಕರಿಹಲಗೆ:

ಎಲ್ಲರೂ ಬಂದರಿನ ವೈಭವ ಹೇಳುತ್ತಿದ್ದೀರಿ. ಇನ್ನೊಂದು ಮಗ್ಗುಲನ್ನೂ ಇಡಿ. ಈ ದ್ವೀಪದಲ್ಲಿ ಮೊದಲಿನಿಂದ ಇದ್ದವರು ಗ್ವಾಂಚೆ ಜನ. 1494ರಿಂದ 1496ರವರೆಗೆ ಅವರು ಹೋರಾಡಿ ಸೋತರು. ಎಷ್ಟೋ ಜನ ಗುಲಾಮರಾಗಿ ಮಾರಾಟವಾದರು. ಸಕ್ಕರೆ ಗಾಣಗಳು ನಡೆದದ್ದೂ ಗುಲಾಮರ ಬೆವರಿನಲ್ಲೇ. ಕ್ರಿಸ್ತೋಬಾಲ್‌ನ ಮಗ ಪೆದ್ರೊ ದೆ ಪೊಂತೆ, ಇಂಗ್ಲೆಂಡಿನ ಜಾನ್ ಹಾಕಿನ್ಸ್‌ನ ಸ್ನೇಹಿತ. ಹಾಕಿನ್ಸ್ 1562ರಲ್ಲಿ ಆಫ್ರಿಕಾದ ಜನರನ್ನು ಹಿಡಿದು ಅಮೆರಿಕಕ್ಕೆ ಮಾರಲು ಹೊರಟಾಗ ಟೆನೆರಿಫ್‌ನಲ್ಲಿ ನಿಂತು ಪೆದ್ರೊನ ನೆರವು ಪಡೆದ. ಕೋಟೆ ಕಾದದ್ದು ಈ ಸಂಪತ್ತನ್ನೂ ಸೇರಿಸಿ.

ಮಲ್ಲಿಗೆ77:

ಇದು ಗೊತ್ತಿರಲಿಲ್ಲ. ಬರೆದದ್ದಕ್ಕೆ ಧನ್ಯವಾದ.

ಕೋಟೆಸುತ್ತು:

ಕರಿಹಲಗೆಯವರೇ, ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಊರಿನ ಹೆಸರಿನಲ್ಲೂ ಗ್ವಾಂಚೆ ಭಾಷೆಯ ಗುರುತು ಉಳಿದಿದೆ ಅಂತಾರೆ. ಕೋಟೆ ಎದುರು ಕಡಲಿನಲ್ಲಿ ಒಂದು ಒಂಟಿ ಬಂಡೆ ಎದ್ದು ನಿಂತಿದೆ. ಅದಕ್ಕೆ ಅವರು ‘ಗಾರ’ ಅನ್ನುತ್ತಿದ್ದರಂತೆ. ಸ್ಪೇನಿನವರು ಅದಕ್ಕೆ ಚಿಕ್ಕದು ಅನ್ನುವ ‘ಚಿಕೊ’ ಸೇರಿಸಿದರಂತೆ. ಅಲ್ಲಿ ನಿಂತು ಆ ಬಂಡೆ ನೋಡುವಾಗ, ಈ ಊರಿನಲ್ಲಿ ಇದೊಂದೇ ಎಲ್ಲರಿಗಿಂತ ಮೊದಲಿನಿಂದ ಇರುವುದು ಅನ್ನಿಸಿತು.

ಹೊಸಬ_ಇಲ್ಲಿ:

ಯಾವ ಶತ್ರುವೂ ಈ ಕೋಟೆಯನ್ನು ಮುರಿಯಲಿಲ್ಲ, ಲಾವಾ ತಡೆಯಲು ಇದಕ್ಕೆ ಆಗಲಿಲ್ಲ. ಹಾಗಾದರೆ ಇದರಿಂದ ಆದ ಉಪಯೋಗವಾದರೂ ಏನು? ಬೇಸರ ಮಾಡಿಕೊಳ್ಳಬೇಡಿ, ನಿಜವಾಗಿಯೂ ಕೇಳುತ್ತಿದ್ದೇನೆ.

ಕೋಟೆಸುತ್ತು:

ಬೇಸರ ಯಾಕೆ? ನಾನು ಈ ಚರ್ಚೆ ಶುರು ಮಾಡಿದ್ದೇ ಇದಕ್ಕೆ.

ಸುತ್ತಮುತ್ತ ಏನಾಗುತ್ತಿತ್ತು ನೋಡಿ. 1585ರಲ್ಲಿ ಇಂಗ್ಲೆಂಡಿನ ಕಡಲ ದಾಳಿಕಾರ ಡ್ರೇಕ್ ಲಾ ಪಾಲ್ಮಾಗೆ ನುಗ್ಗಲು ಬಂದಾಗ ಅಲ್ಲಿಯ ತೋಪುಗಳು ಅವನನ್ನು ಹಿಂದಕ್ಕೆ ಕಳಿಸಿದವು. 1599ರಲ್ಲಿ ಡಚ್ಚರು ಗ್ರಾನ್ ಕನಾರಿಯಾದ ಲಾಸ್ ಪಾಲ್ಮಾಸ್ ಊರನ್ನು ದೋಚಿದರು. 1797ರಲ್ಲಿ ಬ್ರಿಟಿಷ್ ನೌಕಾಪಡೆಯ ನೆಲ್ಸನ್ ಇದೇ ಟೆನೆರಿಫ್‌ನ ಸಾಂತಾ ಕ್ರೂಸ್ ಮೇಲೆ ಬಿದ್ದು, ಬಲಗೈ ಕಳೆದುಕೊಂಡು ಹೋದ. ಇಂಥ ಕಡಲಿನಲ್ಲಿ ದಂಡೆಯ ಮೇಲೆ ತೋಪು ಕಾಣುತ್ತಿರಬೇಕು. ಕಂಡರೆ ಬರುವವನು ಎರಡು ಸಲ ಯೋಚಿಸುತ್ತಾನೆ. ಕಾವಲಿನ ಅರ್ಧ ಕೆಲಸ ಅದೇ.

ಆದರೆ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಹಳೇ ಬಂದರು ಎಲ್ಲಿತ್ತು ಅಂತ ಇವತ್ತು ನಿಮಗೆ ತೋರಿಸಲು ಏನಿದೆ? ನೀರಿಲ್ಲ, ಹಡಗುಕಟ್ಟೆ ಇಲ್ಲ. ಎಲ್ಲವೂ ಕಪ್ಪು ಬಂಡೆ, ಅದರ ಮೇಲೆ ಮನೆ, ರಸ್ತೆ, ಗಿಡ. ಕೋಟೆ ನಿಂತಿದೆ ಅನ್ನುವ ಕಾರಣಕ್ಕೇ ‘ಇಲ್ಲಿವರೆಗೆ ಕಡಲು, ಇಲ್ಲಿಂದ ಬಂದರು’ ಅಂತ ಹೇಳಬಹುದು. ಅಳತೆಗೆ ನೆಟ್ಟ ಗೂಟದ ಹಾಗೆ ಅದು.

ಇನ್ನೊಂದು ಗೂಟವೂ ಇದೆ. ಪ್ವೆರ್ತಾ ದೆ ತ್ಯೆರ್ರಾ, ಅಂದರೆ ನೆಲದ ಬಾಗಿಲು. ಬಂದರಿಗೆ ಬಂದಿಳಿದವರು ಊರೊಳಗೆ ಹೋಗುತ್ತಿದ್ದ ಕಲ್ಲಿನ ಬಾಗಿಲು ಅದು. ಲಾವಾ ಅದನ್ನು ಹೂತುಹಾಕಿತ್ತು. 20ನೇ ಶತಮಾನದಲ್ಲಿ ಅಗೆದು ಹೊರಗೆ ತೆಗೆದರು. ಈಗ ಅದೊಂದು ಸಣ್ಣ ಉದ್ಯಾನದಲ್ಲಿದೆ, ರಸ್ತೆ ಮಟ್ಟಕ್ಕಿಂತ ಕೆಳಗೆ. ಮೆಟ್ಟಿಲು ಇಳಿದು ಹೋದೆ. ಮೇಲೆ ಗಾಳಿ ಬೀಸುತ್ತಿತ್ತು, ಕೆಳಗೆ ಗಾಳಿ ಇಲ್ಲ. ದೊಡ್ಡ ಮರದ ದ್ರಾಕ್ಷಿ ಗಾಣ ಒಂದನ್ನು ಅಲ್ಲೇ ಇಟ್ಟಿದ್ದಾರೆ. ಬಾಗಿಲಿನ ಕಮಾನಿನ ಕೆಳಗೆ ನಿಂತೆ. ಒಂದು ಕಾಲಕ್ಕೆ ಇಲ್ಲಿ ನಿಂತವರಿಗೆ ಎದುರಿಗೆ ಪಟ ಇಳಿಸಿದ ಹಡಗುಗಳು ಕಾಣುತ್ತಿದ್ದವು. ನನಗೆ ಕಂಡದ್ದು ಉದ್ಯಾನದ ಗೋಡೆ ಮತ್ತು ಅದರಾಚೆ ರಸ್ತೆಯಲ್ಲಿ ಹೋಗುವವರ ಕಾಲುಗಳು.

ಅಲ್ಲಿಂದ ಕೋಟೆಗೆ ಕೆಲವೇ ನಿಮಿಷದ ನಡಿಗೆ. ಬೇಕಂತಲೇ ನಿಧಾನವಾಗಿ ನಡೆದೆ. ಕಾಲ ಕೆಳಗೆ ಬಂದರು ಇದೆ ಅಂತ ಗೊತ್ತಿದ್ದಾಗ ಬೇಗ ಹೆಜ್ಜೆ ಇಡಲು ಮನಸ್ಸು ಬರುವುದಿಲ್ಲ.

ಹೊನ್ನಾವರದಿಂದ:

ಕಾಲುಗಳು ಮಾತ್ರ ಕಂಡವು ಅಂದಿರಲ್ಲ, ಅಲ್ಲಿ ಒಂದು ಕ್ಷಣ ನಿಂತುಬಿಟ್ಟೆ.

ಕಾರವಾರಗಾಳಿ:

ನಮ್ಮ ಕಡಲಿಗೂ ಈ ಕಡಲಿಗೂ ಒಂದು ಎಳೆ ಇದೆ, ಹೇಳಿಬಿಡುತ್ತೇನೆ. ಯುರೋಪಿನಿಂದ ದಕ್ಷಿಣಕ್ಕೆ ಹೊರಟ ಹಡಗುಗಳನ್ನು ಗಾಳಿಯೇ ಕ್ಯಾನರಿ ಕಡೆ ತಳ್ಳುತ್ತಿತ್ತು. ವಾಸ್ಕೋ ಡ ಗಾಮ 1497ರ ಜುಲೈ 8ಕ್ಕೆ ಲಿಸ್ಬನ್ ಬಿಟ್ಟ, ಒಂದು ವಾರದಲ್ಲಿ ಕ್ಯಾನರಿ ದ್ವೀಪಗಳು ಕಂಡವು. ಮರುವರ್ಷ ಕಲ್ಲಿಕೋಟೆಗೆ ಬಂದ, ವಾಪಸ್ಸು ಹೋಗುವಾಗ ನಮ್ಮ ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಲ್ಲಿ ಹಡಗು ರಿಪೇರಿಗೆ ನಿಂತ. 1505ರಲ್ಲಿ ಪೋರ್ಚುಗೀಸರು ಅಂಜುದೀವ್‌ನಲ್ಲೂ ಸಣ್ಣ ಕೋಟೆ ಕಟ್ಟಿದರು. ಮರುವರ್ಷವೇ ಬಿಟ್ಟು ಹೋದರು. ಗರಾಚಿಕೊ ಹುಟ್ಟುತ್ತಿದ್ದ ಹೊತ್ತಿಗೇ ಇದೂ ನಡೆದದ್ದು.

ಲೆಕ್ಕದಮನೆ:

ಬಂದರು ಹೋದಮೇಲೆ ಆ ಜನ ಏನು ಮಾಡಿದರು ಅನ್ನುವುದೂ ಮುಖ್ಯ ಅಲ್ವಾ? ಊರು ಬಿಡಲಿಲ್ಲ. ಲಾವಾ ಮೇಲೆಯೇ ಮತ್ತೆ ಬೀದಿ ಹಾಕಿದರು. ಸಾಂತಾ ಆನಾ ಚರ್ಚನ್ನು ಕೆಲವೇ ವರ್ಷಗಳಲ್ಲಿ ಮತ್ತೆ ಎಬ್ಬಿಸಿದರು. ಎಷ್ಟೋ ಕುಟುಂಬ ಮೊದಲಿನಿಂದಲೂ ವೆನೆಜುವೆಲಾ, ಕ್ಯೂಬಾ ಕಡೆ ವಲಸೆ ಹೋಗುತ್ತಿದ್ದವು. ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಸಿಮೋನ್ ಬೊಲಿವಾರ್‌ನ ಪೂರ್ವಜರಲ್ಲಿ ಗರಾಚಿಕೊದ ಪೊಂತೆ ಮನೆತನದವರೂ ಇದ್ದರು. ಊರಿನ ಚೌಕದಲ್ಲಿ ಅವನ ಪ್ರತಿಮೆ ಇದೆ. ಈಗ ಸುತ್ತಮುತ್ತ ಬಾಳೆ ತೋಟ. ಅಲ್ಲಿ ಬೆಳೆಯುವುದು ಕ್ಯಾವೆಂಡಿಶ್ ಗುಂಪಿನ ಬಾಳೆ, ನಮ್ಮ ಪಚ್ಚಬಾಳೆಯ ಬಳಗ.

ಮಲ್ಲಿಗೆ77:

ಮತ್ತೆ ಸಿಡಿಯುವ ಭಯ ಇದೆಯಾ? 2021ರಲ್ಲಿ ಲಾ ಪಾಲ್ಮಾದ ವಿಡಿಯೋಗಳನ್ನು ನೋಡಿ ನಿದ್ದೆ ಬಂದಿರಲಿಲ್ಲ.

ಕಲ್ಲುಓದು:

ಟೆನೆರಿಫ್‌ನಲ್ಲಿ ಕೊನೆಯದಾಗಿ ಸಿಡಿದದ್ದು 1909ರ ನವೆಂಬರ್‌ನಲ್ಲಿ, ಚಿನ್ಯೇರೊ. ಅದೂ ಗರಾಚಿಕೊ ಮೇಲಿನ ಎತ್ತರದಲ್ಲೇ, ಅರೇನಾಸ್ ನೇಗ್ರಾಸ್‌ನಿಂದ ದೂರವಿಲ್ಲ. ಲಾ ಪಾಲ್ಮಾದ್ದು 2021ರ ಸೆಪ್ಟೆಂಬರ್ 19ರಿಂದ ಡಿಸೆಂಬರ್ 13ರವರೆಗೆ, 85 ದಿನ. ಹಾಗಾಗಿ ಈ ಬೆಟ್ಟಗಳು ಸತ್ತಿವೆ ಅಂತ ಯಾರೂ ಹೇಳುವುದಿಲ್ಲ. ಆದರೆ ಈಗ ನೆಲದ ಒಂದೊಂದು ಅಲುಗಾಟವನ್ನೂ ಉಪಕರಣ ಇಟ್ಟು ಹಗಲೂ ರಾತ್ರಿ ನೋಡುತ್ತಿರುತ್ತಾರೆ. 1706ರಲ್ಲಿ ಕಡಲಿಗೆ ಮಾತ್ರ ಕಾವಲಿತ್ತು, ಈಗ ಬೆಟ್ಟಕ್ಕೂ ಕಾವಲಿದೆ.

ಹೊಸಬ_ಇಲ್ಲಿ:

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಮುಂದಿನ ವರ್ಷ ಅತ್ತ ಹೋಗುವ ಯೋಚನೆ ಇದೆ. ನೋಡುವಾಗ ಏನು ಗಮನಿಸಲಿ?

ಕೋಟೆಸುತ್ತು:

ಅಲೆ ಜೋರಿರುವ ದಿನ ಎಲ್ ಕಲೆತೋನ್ ಕೊಳಗಳಿಗೆ ಇಳಿಯಲು ಬಿಡುವುದಿಲ್ಲ, ಹಾಗಾಗಿ ಕಡಲು ನೋಡಿಕೊಂಡು ದಿನ ಆರಿಸಿ. ವಾಪಸ್ಸು ಬರುವ ಬಸ್ ಸಮಯವನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಾನು ಬರೆದುಕೊಳ್ಳದೆ ಒಂದು ಬಸ್ ತಪ್ಪಿಸಿಕೊಂಡು ರಸ್ತೆ ಬದಿ ಕಾದೆ.

ಮೊದಲು ಪ್ವೆರ್ತಾ ದೆ ತ್ಯೆರ್ರಾ ನೋಡಿ, ಆಮೇಲೆ ಕೋಟೆ. ಕೊಳಗಳ ಹತ್ತಿರ ಲಾವಾ ಬಂಡೆ ಮುಟ್ಟಿ ನೋಡಿ. ಗುಳ್ಳೆ ಗುಳ್ಳೆಯಾಗಿ, ಅಂಗೈಗೆ ಚುಚ್ಚುತ್ತದೆ. ಅದೇ ಕೈಯನ್ನು ಕೋಟೆಯ ಮೂಲೆಗಲ್ಲಿನ ಮೇಲೆ ಇಡಿ. ಅದೂ ಲಾವಾ ಕಲ್ಲೇ, ಆದರೆ ಉಳಿಪೆಟ್ಟು ತಿಂದು ನುಣುಪಾಗಿದೆ.

ತಾರಸಿ ತೆರೆದಿದ್ದರೆ ಹತ್ತಿ. ಎಲ್ಲರೂ ಕಡಲಿನ ಕಡೆ ನಿಂತು ಆ ಒಂಟಿ ಬಂಡೆಯ ಫೋಟೋ ತೆಗೆಯುತ್ತಾರೆ. ನೀವು ಒಮ್ಮೆ ಊರಿನ ಕಡೆ ತಿರುಗಿ. ಕೆಂಪು ಹೆಂಚಿನ ಮನೆಗಳ ಹಿಂದೆ ಬೆಟ್ಟ ನೆಟ್ಟಗೆ ಎದ್ದಿದೆ. ಅದರ ಅಂಚಿನಿಂದ ಲಾವಾ ಇಳಿದ ಜಾಡು ಹುಡುಕಿ, ಈಗ ಗಿಡಗಂಟಿ ಬೆಳೆದು ಹಸಿರಾಗಿದೆ. ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಉದ್ದನೆಯ ಕಾಂಕ್ರೀಟ್ ಗೋಡೆಯ ಹಿಂದೆ ದೋಣಿಗಳು ನಿಂತಿವೆ. ಅದು 2012ರಲ್ಲಿ ತೆರೆದ ಹೊಸ ಬಂದರು. ಅದನ್ನು ತೋರಿಸಿ ಅಲ್ಲಿಯ ಅಜ್ಜರೊಬ್ಬರು ಬೆರಳಲ್ಲಿ ಲೆಕ್ಕ ಹಾಕಿ ಹೇಳಿದರು: 306 ವರ್ಷ.